ಗೋಝೊದ ಕತ್ತಲಲ್ಲಿ ಹನ್ನೆರಡು ಮಂದಿ

ಹನ್ನೆರಡು ಫಾರ್ಮುಗಳನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೆ. ಒಂದೊಂದರಲ್ಲೂ ಹದಿನಾಲ್ಕು ಪ್ರಶ್ನೆ. ಊಟ ಹೇಗಿತ್ತು, ನಡಿಗೆ ಉದ್ದವಾಯಿತೇ, ಗೈಡ್ ಹೇಳಿದ್ದು ಅರ್ಥವಾಯಿತೇ, ಇಂಥ ಪ್ರವಾಸಕ್ಕೆ ನೀವು ಎಷ್ಟು ದುಡ್ಡು ಕೊಡಬಲ್ಲಿರಿ. ಒಂಬತ್ತನೇ ಪ್ರಶ್ನೆ ರಾತ್ರಿ ಪ್ರಪಾತದ ಅಂಚಿನಲ್ಲಿ ಕೂತು ಹಕ್ಕಿಗಳ ಕೂಗು ಕೇಳಿದ್ದರ ಬಗ್ಗೆ. ಅದಕ್ಕೆ ಹನ್ನೊಂದು ಜನ ಐದಕ್ಕೆ ಐದು ಕೊಟ್ಟಿದ್ದರು. ಒಬ್ಬರಂತೂ ಪಕ್ಕದಲ್ಲಿ ಮೂರು ಆಶ್ಚರ್ಯಸೂಚಕ ಚಿಹ್ನೆ ಹಾಕಿದ್ದರು. ಹನ್ನೆರಡನೆಯವರು ಮಾತ್ರ ಆ ಸಾಲನ್ನು ಖಾಲಿ ಬಿಟ್ಟಿದ್ದರು. ಪಕ್ಕದಲ್ಲಿ ನನ್ನ ನೋಟ್‌ಬುಕ್ ತೆರೆದಿತ್ತು. ಅದರ ಒಂದು ಪುಟದಲ್ಲಿ ಮೇಲಿನ ಅರ್ಧ ಪೆನ್ಸಿಲ್ ಗೀಟುಗಳಿಂದ ತುಂಬಿತ್ತು, ಕೆಳಗಿನರ್ಧದಲ್ಲಿ ಬೆರಳೆಣಿಕೆಯಷ್ಟು ಗೀಟು.

ಮಾರನೇ ದಿನ ಬೆಳಿಗ್ಗೆ ನಾನು ವರದಿ ಕೊಡಬೇಕಿತ್ತು. ಫಾರ್ಮುಗಳ ಪ್ರಕಾರ ಬರೆದರೆ ಒಂದು ವರದಿ, ಆ ಪುಟದ ಪ್ರಕಾರ ಬರೆದರೆ ಇನ್ನೊಂದು.

ನಾನು ಮಾಲ್ಟಾಕ್ಕೆ ಹೋಗಿದ್ದು ಪ್ರವಾಸೋದ್ಯಮದಲ್ಲಿ ಎಂ.ಎ. ಮಾಡಲು. ಸಕಲೇಶಪುರದ ಕಡೆಯ ಸಣ್ಣ ಕಾಫಿ ತೋಟದ ಮನೆಯ ಹುಡುಗಿ ಮೆಡಿಟರೇನಿಯನ್ನಿನ ನಡುವೆ ಏನು ಓದುತ್ತಾಳೆ ಎಂದು ನಮ್ಮ ನೆಂಟರಿಷ್ಟರು ಕೇಳಿದ್ದಕ್ಕೆ ಅಪ್ಪ, ‘ಹೋಂಸ್ಟೇ ನಡೆಸೋದು ಹೇಗೆ ಅಂತ ಕಲಿಯೋಕೆ ಹೋಗಿದಾಳೆ’ ಎಂದು ಹೇಳಿ ಮುಗಿಸಿದ್ದರು. ಪೂರ್ತಿ ಸುಳ್ಳೇನೂ ಅಲ್ಲ. ಕೋರ್ಸಿನ ಭಾಗವಾಗಿ ಐದು ತಿಂಗಳು ಒಂದು ಪ್ರವಾಸ ಕಂಪನಿಯಲ್ಲಿ ಕೆಲಸ ಮಾಡಬೇಕಿತ್ತು. ನನಗೆ ಸಿಕ್ಕ ಕಂಪನಿ ದೋಣಿಗಳನ್ನು ಇಟ್ಟುಕೊಂಡು ಜನರನ್ನು ಕೊಮಿನೊ ದ್ವೀಪದ ಬ್ಲೂ ಲಗೂನಿಗೆ ಸಾಗಿಸಿ ದುಡ್ಡು ಮಾಡಿದ್ದು. ಕೊಮಿನೊ ಎಂದರೆ ಮೂರೂವರೆ ಚದರ ಕಿಲೋಮೀಟರ್. ಬೇಸಿಗೆಯ ಮಧ್ಯಾಹ್ನ ಅಲ್ಲಿ ಟವೆಲ್ ಹಾಸಲು ಜಾಗ ಸಿಗದೆ ಜನ ಬಂಡೆಗಳ ಮೇಲೆ ನಿಂತೇ ಇರುತ್ತಿದ್ದರು. 2025ರಲ್ಲಿ ಸರಕಾರವೇ, ಮೊದಲೇ ಹೆಸರು ನೋಂದಾಯಿಸಿಕೊಂಡವರು ಮಾತ್ರ ದಡಕ್ಕೆ ಇಳಿಯಬೇಕು ಎಂಬ ನಿಯಮ ತಂದಿತು. ಅಂಥ ದಿನ ಬರುತ್ತದೆಂದು ನಮ್ಮ ಯಜಮಾನರಿಗೆ ಮೊದಲೇ ವಾಸನೆ ಹತ್ತಿತ್ತು. ಆದ್ದರಿಂದ ಪಕ್ಕದ ಗೋಝೊ ದ್ವೀಪದಲ್ಲಿ ಸಣ್ಣ ಗುಂಪಿನ, ನಿಧಾನದ, ಹೆಚ್ಚು ಬೆಲೆಯ ಪರಿಸರ ಪ್ರವಾಸವೊಂದನ್ನು ಕಟ್ಟಬೇಕು ಎಂದು ಅವರ ಯೋಚನೆ. ಕಟ್ಟುವುದು ನನ್ನ ಕೆಲಸ. ಅದು ಮಾರಾಟವಾದರೆ ಓದು ಮುಗಿದ ಮೇಲೆ ನನಗೆ ಅಲ್ಲೇ ನೌಕರಿ. ನಮ್ಮಂಥವರಿಗೆ ಅಲ್ಲಿ ಉಳಿಯುವ ಪರವಾನಗಿ ಕೆಲಸ ಕೊಡುವವರ ಹೆಸರಿಗೇ ಅಂಟಿಕೊಂಡಿರುತ್ತದೆ, ಆದ್ದರಿಂದ ಈ ಮಾತಿಗೆ ನಾನು ಕೊಟ್ಟ ತೂಕ ಸ್ವಲ್ಪ ಹೆಚ್ಚೇ ಇತ್ತು.

ಗೋಝೊ ಬಹಳ ಚಿಕ್ಕದು. 67 ಚದರ ಕಿಲೋಮೀಟರ್, 39 ಸಾವಿರದಷ್ಟು ಜನ. ನಮ್ಮ ಸಕಲೇಶಪುರ ತಾಲ್ಲೂಕಿನೊಳಗೆ ಹತ್ತು ಗೋಝೊ ಆರಾಮಾಗಿ ಹಿಡಿಸುತ್ತವೆ. ಮಾಲ್ಟಾದ ಚಿರ್ಕೆವ್ವಾದಿಂದ ಫೆರ್ರಿ ಹತ್ತಿದರೆ ಇಪ್ಪತ್ತೈದು ನಿಮಿಷಕ್ಕೆ ಇಮ್‌ಜಾರ್ ಬಂದರು. ಹೋಗುವಾಗ ಟಿಕೆಟ್ ಕೇಳುವುದಿಲ್ಲ, ವಾಪಸು ಬರುವಾಗ ಮಾತ್ರ ದುಡ್ಡು. ಹೋದವರೆಲ್ಲ ಹೇಗಿದ್ದರೂ ಬರಲೇಬೇಕಲ್ಲ! ಹೋಮರನ ಕಾವ್ಯದಲ್ಲಿ ಕ್ಯಾಲಿಪ್ಸೊ ಒಡಿಸ್ಯೂಸನನ್ನು ಏಳು ವರ್ಷ ಹಿಡಿದಿಟ್ಟುಕೊಂಡ ದ್ವೀಪ ಇದೇ ಎಂದು ಅಲ್ಲಿಯವರು ಹೇಳಿಕೊಳ್ಳುತ್ತಾರೆ. ಅವನಿಗೂ ಬರುವಾಗಲೇ ಕಷ್ಟವಾಗಿದ್ದು.

ಏಪ್ರಿಲ್ ಕೊನೆಯಲ್ಲಿ ಮೊದಲ ಟ್ರಯಲ್. ನನ್ನ ಸಹಪಾಠಿಗಳು ಆರು ಜನ, ಎರಡು ಹಗಲು, ಒಂದು ರಾತ್ರಿ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪುಕ್ಕಟೆ ಊಟ ಹಾಕಿದರೆ ಸ್ನೇಹಿತರು ಎಲ್ಲಕ್ಕೂ ಚೆನ್ನಾಗಿದೆ ಅನ್ನುತ್ತಾರೆ. ಒಬ್ಬ ಮಾತ್ರ ‘ಬೀಚು ಗಲೀಜು’ ಎಂದು ಬರೆದಿದ್ದ. ಅವನು ನೋಡಿದ್ದು ದಡಕ್ಕೆ ಬಂದು ಬಿದ್ದ ಪೊಸಿಡೋನಿಯಾ ಎಲೆಗಳ ರಾಶಿ. ಅದು ಪಾಚಿಯಲ್ಲ. ಬೇರು, ಎಲೆ, ಹೂವು ಎಲ್ಲ ಇರುವ, ಸಮುದ್ರದ ತಳದಲ್ಲಿ ಹುಲ್ಲುಗಾವಲಿನ ಹಾಗೆ ಬೆಳೆಯುವ ಗಿಡ. ಚಳಿಗಾಲದಲ್ಲಿ ಉದುರಿದ ಎಲೆ ದಡದಲ್ಲಿ ಒಟ್ಟಿಕೊಂಡು, ಮರಳನ್ನು ಅಲೆ ಕೊಚ್ಚಿಕೊಂಡು ಹೋಗದ ಹಾಗೆ ಹಿಡಿದಿಡುತ್ತದೆ. ನೋಡಲು ಮಾತ್ರ ತೋಟದಲ್ಲಿ ಕೊಳೆಯಲು ಬಿಟ್ಟ ತರಗೆಲೆಯೇ. ನನಗೆ ಅದನ್ನು ಕಂಡರೆ ಮನೆಯ ಗೊಬ್ಬರದ ಗುಂಡಿ ನೆನಪಾಗುತ್ತಿತ್ತು, ಅವನಿಗೆ ಗಲೀಜು. ಪ್ರವಾಸಿಗೆ ಏನನ್ನು ತೋರಿಸುತ್ತೇವೆ ಎನ್ನುವುದರಷ್ಟೇ ಏನನ್ನು ವಿವರಿಸದೆ ಬಿಡುತ್ತೇವೆ ಎನ್ನುವುದೂ ಮುಖ್ಯ ಎಂದು ಅಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆಗ ನನಗೆ ಎಲ್ಲವನ್ನೂ ಸೂತ್ರ ಮಾಡಿಬಿಡುವ ಹುರುಪು.

ದ್ವೇಯ್ರಾದಲ್ಲಿ ಇನ್ನೊಂದು ಪಾಠ. ಅಲ್ಲಿ ಸಮುದ್ರಕ್ಕೆ ಚಾಚಿದ್ದ ಕಲ್ಲಿನ ಕಮಾನು, ಅಜ಼್ಯೂರ್ ವಿಂಡೋ, 2017ರ ಮಾರ್ಚ್ 8ರ ಬಿರುಗಾಳಿಯಲ್ಲಿ ಕುಸಿದುಬಿತ್ತು. ಇಂದಿಗೂ ಜನ ಬಸ್ಸಿಳಿದು ‘ಎಲ್ಲಿ?’ ಎಂದು ಕೇಳುತ್ತಾರೆ. ಇಲ್ಲದ ಕಮಾನಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದರ ಹತ್ತಿರವೇ ಫಂಗಸ್ ರಾಕ್ ಎಂಬ ದೊಡ್ಡ ಬಂಡೆ. ಅದರ ಮೇಲೆ ಬೆಳೆಯುವ ಕೆಂಪು ಗಿಡವೊಂದು ರಕ್ತಸ್ರಾವಕ್ಕೆ ಮದ್ದು ಎಂದು ನಂಬಿ, ಮಾಲ್ಟಾ ಆಳುತ್ತಿದ್ದ ನೈಟರು 18ನೇ ಶತಮಾನದಲ್ಲಿ ಆ ಬಂಡೆಗೆ ಕಾವಲು ಹಾಕಿ, ಬೇರೆಯವರು ಹತ್ತದಂತೆ ಮಾಡಿದ್ದರು. ಹೆಸರು ಫಂಗಸ್, ಆದರೆ ಅದು ಅಣಬೆಯಲ್ಲ, ಬೇರೆ ಗಿಡದ ಬೇರಿಗೆ ಅಂಟಿ ಬದುಕುವ ಪರಾವಲಂಬಿ ಸಸ್ಯ. ಅವರು ಕಾದದ್ದು ತಮ್ಮ ಔಷಧಿಗಾಗಿ. ಗಿಡವಂತೂ ಉಳಿಯಿತು.

ನಮ್ಮ ಗೈಡ್ ಬಗ್ಗೆ ಹೇಳಬೇಕು. ಅರವತ್ತು ದಾಟಿದ ಗೋಝೊದವರು. ಹಿಂದೆ ಕೋವಿ ಹಿಡಿದು ಹಕ್ಕಿ ಹೊಡೆಯುತ್ತಿದ್ದವರು. ಆ ದ್ವೀಪಗಳಲ್ಲಿ ಬೇಟೆ ಎಂದರೆ ಇಂದಿಗೂ ಚುನಾವಣೆ ಅಲ್ಲಾಡಿಸುವ ವಿಷಯ. ‘ಹಕ್ಕಿ ಎಷ್ಟು ಹೊತ್ತಿಗೆ ಎಲ್ಲಿ ಬರುತ್ತೆ ಅಂತ ಹೊಡೆದವನಿಗೇ ಚೆನ್ನಾಗಿ ಗೊತ್ತು’ ಎಂದು ನಾಚಿಕೆಯಿಲ್ಲದೆ ಹೇಳುತ್ತಿದ್ದರು. ಯಾವಾಗ ಬಿಟ್ಟಿರಿ ಎಂದರೆ ಉತ್ತರ ಕೊಡುತ್ತಿರಲಿಲ್ಲ. ನನ್ನನ್ನು ‘ಬಿನ್ತಿ’ ಅನ್ನುತ್ತಿದ್ದರು. ಮಾಲ್ಟಾದ ಭಾಷೆಯಲ್ಲಿ ಅದಕ್ಕೆ ‘ಮಗಳೇ’ ಎಂದರ್ಥ. ಅರಬ್ಬಿಯ ಮೂಲದ ನುಡಿ, ರೋಮನ್ ಲಿಪಿಯಲ್ಲಿ ಬರೆಯುತ್ತಾರೆ.

ಉಪ್ಪಿನ ಅಜ್ಜನನ್ನು ಪರಿಚಯಿಸಿದ್ದೂ ಅವರೇ. ಗೋಝೊದ ಉತ್ತರ ದಂಡೆಯಲ್ಲಿ, ಶ್ವೇಯ್ನಿಯ ಹತ್ತಿರ, ಮೆತ್ತನೆಯ ಸುಣ್ಣಕಲ್ಲಿನಲ್ಲಿ ಚೌಕ ಚೌಕವಾಗಿ ಕೆತ್ತಿದ ಉಪ್ಪಿನ ಗುಂಡಿಗಳಿವೆ. ಮೇಲಿನಿಂದ ನೋಡಿದರೆ ಯಾರೋ ಲೆಕ್ಕದ ಪುಸ್ತಕ ಬಿಡಿಸಿಟ್ಟ ಹಾಗೆ. ಸಮುದ್ರದ ನೀರು ತುಂಬಿ, ಬಿಸಿಲಿಗೆ ಆರಿ, ಬಿಳಿ ಹೊರಪದರ ಕಟ್ಟಿದ ಮೇಲೆ ಪೊರಕೆಯಿಂದ ಗುಡಿಸಿ ಗುಡ್ಡೆ ಹಾಕುತ್ತಾರೆ. ನಮ್ಮ ಕಾರ್ಯಕ್ರಮದ ಪಟ್ಟಿಯಲ್ಲಿ ನಾನು ‘ಉಪ್ಪಿನ ಕೊಯ್ಲಿನ ಅನುಭವ, 45 ನಿಮಿಷ’ ಎಂದು ಬರೆದಿದ್ದೆ. ಅಜ್ಜನಿಗೆ ಓದಿ ಹೇಳಿದೆವು.

‘ನಲವತ್ತೈದು ನಿಮಿಷದಲ್ಲಿ ಏನಾಗುತ್ತೆ? ನೀರು ಆರೋಕೇ ವಾರ ಬೇಕು.’

‘ಬರೀ ನೋಡಿ ಹೋಗ್ತಾರೆ, ಸ್ವಲ್ಪ ಗುಡಿಸ್ತಾರೆ.’

‘ಗುಡಿಸಿದ್ದನ್ನ ನಾನು ಮತ್ತೆ ಗುಡಿಸಬೇಕು.’

ಕೊನೆಗೆ ಒಪ್ಪಿಕೊಂಡರು, ಎರಡು ಷರತ್ತಿನ ಮೇಲೆ. ಯಾರೂ ಚಪ್ಪಲಿ ಹಾಕಿಕೊಂಡು ಗುಂಡಿಗೆ ಇಳಿಯಬಾರದು. ಮತ್ತು ಮಾತಾಡಿದ್ದಕ್ಕೆ ದುಡ್ಡು ಬೇಡ, ಉಪ್ಪು ಕೊಂಡುಕೊಂಡರೆ ಸಾಕು. ಎರಡನೆಯದು ನಮ್ಮ ಆಫೀಸಿಗೆ ತಲೆನೋವಾಯಿತು. ಪಟ್ಟಿಯಲ್ಲಿ ‘ಸ್ಥಳೀಯರಿಗೆ ಸಂಭಾವನೆ’ ಎಂಬ ಕಾಲಂ ಇತ್ತು, ಉಪ್ಪಿನ ಬೆಲೆ ಅಲ್ಲಿ ಕೂರುತ್ತಿರಲಿಲ್ಲ. ಫೋನಿನಲ್ಲಿ ಅಮ್ಮನಿಗೆ ಇದನ್ನೆಲ್ಲ ಹೇಳಿದಾಗ, ‘ಅಲ್ಲ ಕಣೇ, ಉಪ್ಪು ಗುಡಿಸೋದು ನೋಡೋಕೆ ಅಷ್ಟು ದೂರದಿಂದ ಬರ್ತಾರಾ? ನಮ್ಮನೇಲಿ ಕಾಫಿ ಕಣ ಗುಡಿಸೋಕೆ ಜನ ಸಿಗ್ತಿಲ್ಲ, ಇತ್ಲಾಗೂ ಕಳ್ಸು’ ಅಂದರು.

ಎರಡನೇ ಟ್ರಯಲ್ ಜೂನ್ ಮಧ್ಯದಲ್ಲಿ. ಈ ಸಲ ಅಸಲಿ ಪರೀಕ್ಷೆ. ಮೂರು ದಿನ, ಎರಡು ರಾತ್ರಿ. ರೋಮಿನಿಂದ ಬಂದ ಟ್ರಾವೆಲ್ ಏಜೆಂಟರು ನಾಲ್ವರು, ನಿವೃತ್ತ ಜರ್ಮನ್ ದಂಪತಿ, ಒಬ್ಬ ಶಾಲಾ ಶಿಕ್ಷಕಿ, ಹೀಗೆ ಹನ್ನೆರಡು ಜನ. ಏಪ್ರಿಲಿನಲ್ಲಿ ಅಳೆದಿಟ್ಟ ಸಮಯಗಳೆಲ್ಲ ಜೂನ್ ಬಿಸಿಲಿನಲ್ಲಿ ತಲೆಕೆಳಗಾದವು. ಒಂದೂವರೆ ಗಂಟೆಯ ನಡಿಗೆಗೆ ಎರಡೂಕಾಲು ಗಂಟೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿದ ಗೋಡೆಗಳ ನಡುವೆ ದಾರಿ, ಇಕ್ಕೆಲದಲ್ಲಿ ಪಾಪಾಸುಕಳ್ಳಿ, ಎಲ್ಲೋ ಒಂದು ಕ್ಯಾರಬ್ ಮರ. ಆ ಒಂದು ಮರದ ನೆರಳಿನಲ್ಲಿ ಹದಿನಾಲ್ಕು ಜನ ಕುರಿಗಳ ಹಾಗೆ ಒತ್ತಿಕೊಂಡು ನಿಂತಿದ್ದೆವು. ದ್ವೀಪದಲ್ಲಿ ಹೊಳೆ ಇಲ್ಲ, ಕುಡಿಯುವ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಮುದ್ರದ ನೀರನ್ನೇ ವಿದ್ಯುತ್ ಖರ್ಚು ಮಾಡಿ ಸಿಹಿ ಮಾಡಿದ್ದು ಎಂದು ನಾನು ವಿವರಿಸುತ್ತಿದ್ದಾಗ ಒಬ್ಬರು ಆ ನೀರಿನಲ್ಲೇ ತಲೆ ತೋಯಿಸಿಕೊಂಡರು. ನನಗೇನೂ ಅನ್ನಿಸಲಿಲ್ಲ, ನನಗೂ ಹಾಗೇ ಮಾಡಬೇಕೆನ್ನಿಸಿತ್ತು.

ಊಟದ ವಿಷಯ ಮಾತ್ರ ಗೆದ್ದಿತು. ಒಬ್ಬೊಬ್ಬ ಪ್ರವಾಸಿಗೆ ಎಷ್ಟು ಭೂಮಿ, ಎಷ್ಟು ಇಂಧನ ಖರ್ಚಾಗುತ್ತದೆ ಎಂದು ಲೆಕ್ಕ ಹಾಕುವ ಒಂದು ಸ್ಪ್ರೆಡ್‌ಶೀಟ್ ನನ್ನ ಬಳಿ ಇತ್ತು. ಬಸ್ಸಿನ ಬದಲು ನಡೆಸಿ ಎಷ್ಟು ಉಳಿಸಿದರೂ ರಾತ್ರಿ ತಟ್ಟೆಯಲ್ಲಿ ದನದ ಮಾಂಸ ಬಿದ್ದರೆ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು. ಆದ್ದರಿಂದ ಫ್ತೀರ ಎಂಬ ದಪ್ಪ ರೊಟ್ಟಿ, ಟೊಮೆಟೊ, ಕೇಪರ್ ಮೊಗ್ಗು, ಕುರಿಹಾಲಿನ ಪುಟ್ಟ ಚೀಸು. ಎಲ್ಲರೂ ಬೆರಳು ನೆಕ್ಕಿಕೊಂಡು ತಿಂದರು, ಅಂಕಿಯೂ ಇಳಿಯಿತು. ಆದರೆ ಆ ಶೀಟಿನ ಲೆಕ್ಕ ಶುರುವಾಗುವುದು ಬಂದರಿನಲ್ಲಿ. ರೋಮಿನಿಂದ, ಮ್ಯೂನಿಕ್ಕಿನಿಂದ ಹಾರಿಬಂದ ವಿಮಾನ ಅದರಲ್ಲಿ ಇಲ್ಲ. ಮದುವೆಗೆ ನಲವತ್ತು ಕಾರಿನಲ್ಲಿ ದಿಬ್ಬಣ ಹೊರಡಿಸಿ, ಊಟ ಮಾತ್ರ ಬಾಳೆ ಎಲೆಯಲ್ಲಿ ಬಡಿಸಿ ಬೀಗುವ ಹಾಗೆ.

ಇನ್ನು ಆ ರಾತ್ರಿ.

ಗೋಝೊದ ದಕ್ಷಿಣಕ್ಕೆ, ಸನ್ನಾತ್ ಊರಿನಾಚೆ, ತಾ ಚೆಂಚ್ ಎಂಬ ಪ್ರಪಾತವಿದೆ. ಥೈಮ್ ಪೊದೆಗಳ ಬಯಲು ಇದ್ದಕ್ಕಿದ್ದ ಹಾಗೆ ಮುಗಿದು, ನೂರು ಮೀಟರಿಗೂ ಮಿಗಿಲಾದ ಗೋಡೆ ನೇರ ಸಮುದ್ರಕ್ಕಿಳಿಯುತ್ತದೆ. ಆ ಗೋಡೆಯ ಬಿರುಕುಗಳಲ್ಲಿ ಸ್ಕೊಪೋಲಿ ಶಿಯರ್‌ವಾಟರ್ ಹಕ್ಕಿಗಳು ಗೂಡು ಮಾಡುತ್ತವೆ. ಅಲ್ಲಿಯವರ ಬಾಯಲ್ಲಿ ‘ಚೀಫಾ’. ಬದುಕೆಲ್ಲ ಸಮುದ್ರದ ಮೇಲೆ ಕಳೆಯುವ ಹಕ್ಕಿ. ವರ್ಷಕ್ಕೆ ಒಂದೇ ಮೊಟ್ಟೆ. ನೆಲದ ಮೇಲೆ ಸರಿಯಾಗಿ ನಡೆಯಲೂ ಬಾರದು, ಹಾಗಾಗಿ ಗೂಡಿಗೆ ಬರುವುದು ಕತ್ತಲಾದ ಮೇಲೆಯೇ. ಬೆಳದಿಂಗಳಿದ್ದರೆ ಹಿಂಜರಿಯುತ್ತವೆ. ಕತ್ತಲಲ್ಲಿ ಬರುತ್ತ ಕೂಗುತ್ತವೆ, ಆ ಕೂಗು ಥೇಟ್ ಎಳೆಮಗುವಿನ ಅಳು. ನಾವಿಕರನ್ನು ಮರುಳು ಮಾಡಿ ಬಂಡೆಗೆ ಎಳೆಯುತ್ತಿದ್ದ ಸೈರನ್ನುಗಳ ಕತೆ ಹುಟ್ಟಿದ್ದು ಈ ಅಳುವಿನಿಂದಲೇ ಇರಬೇಕು ಎನ್ನುವವರಿದ್ದಾರೆ. ಮೇ ತಿಂಗಳಲ್ಲಿ ಅಮಾವಾಸ್ಯೆಯ ಹತ್ತಿರ ಒಂದು ರಾತ್ರಿ ಗೈಡ್ ಜೊತೆ ನಾನೊಬ್ಬಳೇ ಹೋಗಿದ್ದೆ. ಕೈಯಲ್ಲಿ ದೀಪವಿಲ್ಲದೆ, ಅವರ ಅಂಗಿಯ ತುದಿ ಹಿಡಿದುಕೊಂಡು. ಕೂತ ಐದು ನಿಮಿಷಕ್ಕೆ ಒಂದು ಅಳು, ಆಮೇಲೆ ಎರಡು, ಆಮೇಲೆ ಇಡೀ ಬಂಡೆಯೇ ಅಳಲು ಶುರುಮಾಡಿತು. ತಲೆಯ ಮೇಲೆ ರೆಕ್ಕೆಯ ಗಾಳಿ ಬಡಿಯಿತು. ಅಷ್ಟು ದೊಡ್ಡ ಹಕ್ಕಿ, ರೆಕ್ಕೆ ಬಿಚ್ಚಿದರೆ ಮೀಟರಿಗಿಂತ ಅಗಲ, ಕಾಣಿಸಲಿಲ್ಲ. ವಾಪಸು ಬರುವಾಗ ಇಬ್ಬರೂ ಮಾತಾಡಲಿಲ್ಲ. ಇದನ್ನು ಪ್ರವಾಸದಲ್ಲಿ ಸೇರಿಸಲೇಬೇಕು ಎಂದು ಆಫೀಸಿನಲ್ಲಿ ಹಟ ಹಿಡಿದವಳು ನಾನೇ.

ಜೂನಿನ ದಿನಾಂಕ ಗೊತ್ತುಮಾಡಿದ್ದು ಚಂದ್ರನನ್ನು ನೋಡಿ ಅಲ್ಲ, ಏಜೆಂಟರ ಬಿಡುವು ನೋಡಿ. ಹುಣ್ಣಿಮೆ ಕಳೆದು ಎರಡು ದಿನ. ಚಂದ್ರ ಮೇಲೇಳುವುದರೊಳಗೆ ಒಂದು ಗಂಟೆಯಾದರೂ ಕತ್ತಲೆ ಸಿಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಫೋನುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಸಿಕೊಂಡೆ, ನನ್ನದೊಂದನ್ನು ಬಿಟ್ಟು. ಅಂಚಿನಿಂದ ದೂರದಲ್ಲಿ ಸಾಲಾಗಿ ಕೂರಿಸಿದೆವು. ಹಕ್ಕಿಗಳು ಬಂದವು. ಒಂದು ಕೂಗಿಗೆ ಒಂದು ಗೀಟು, ಕತ್ತಲಲ್ಲೇ ತಡವಿಕೊಂಡು ಹಾಕುತ್ತ ಹೋದೆ. ಅರ್ಧ ಪುಟ ತುಂಬಿತು.

ಆಗ ಆ ಜರ್ಮನ್ ಅಜ್ಜಿ ಕಾಲು ಜೋಮು ಹಿಡಿಯಿತೆಂದು ಎದ್ದು ನಿಂತರು. ಒಂದು ಹೆಜ್ಜೆ ಪಕ್ಕಕ್ಕಿಟ್ಟಿರಬೇಕು. ಕಲ್ಲು ಉರುಳಿದ ಸದ್ದು, ಒಂದು ಕಿರುಚು. ಯಾವ ಕಡೆಗೆ ಬಿದ್ದರು ಎನ್ನುವುದೂ ತಿಳಿಯಲಿಲ್ಲ. ಯೋಚನೆ ಮಾಡಿದ್ದೇ ನೆನಪಿಲ್ಲ, ನನ್ನ ಫೋನಿನ ಟಾರ್ಚ್ ಹತ್ತಿತ್ತು. ಬಿಳೀ ಬೆಳಕು ಬಯಲು ದಾಟಿ ಪ್ರಪಾತದ ಮೇಲೆ ಗಾಳಿಯಲ್ಲಿ ಚಾಚಿಕೊಂಡಿತು. ಅಜ್ಜಿ ಒಳಗಡೆಗೇ, ಥೈಮ್ ಪೊದೆಯ ಮೇಲೆ ಬಿದ್ದಿದ್ದರು. ಮಂಡಿ ತರಚಿತ್ತು, ಅಷ್ಟೆ. ಅವರನ್ನು ಎಬ್ಬಿಸಿ, ಗಾಯ ಒರೆಸಿ, ಪಟ್ಟಿ ಹಚ್ಚಿ ದೀಪ ಆರಿಸುವಷ್ಟರಲ್ಲಿ ಎಷ್ಟು ನಿಮಿಷವಾಯಿತೋ. ಆಮೇಲೆ ಎಲ್ಲರೂ ಮತ್ತೆ ಸುಮ್ಮನೆ ಕೂತರು. ಬಂಡೆಯೂ ಸುಮ್ಮನಿತ್ತು. ಅಲ್ಲೊಂದು ಇಲ್ಲೊಂದು ಕೂಗು. ಕಾಲು ಗಂಟೆ ಕಳೆದ ಮೇಲೆ ಪೂರ್ವದಲ್ಲಿ ಚಂದ್ರ ಎದ್ದ. ನಾವೂ ಎದ್ದೆವು. ದಾರಿಯುದ್ದಕ್ಕೂ ಏಜೆಂಟರು ಅದ್ಭುತ, ಅದ್ಭುತ ಎನ್ನುತ್ತಿದ್ದರು. ಅವರು ಕೇಳಿದಷ್ಟೂ ಅವರಿಗೆ ಹೊಸದೇ ಅಲ್ಲವೇ. ಗೈಡ್ ನನ್ನ ಕಡೆ ನೋಡಲಿಲ್ಲ.

ಒಂಬತ್ತನೇ ಸಾಲನ್ನು ಖಾಲಿ ಬಿಟ್ಟವರು ಆ ಅಜ್ಜಿ.

ರಾತ್ರಿ ಹನ್ನೊಂದಕ್ಕೆ ಊರಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಜಾವ ಎರಡೂವರೆ. ಅಪ್ಪ ಗಾಬರಿಯಾಗಿ ಎತ್ತಿದರು. ಏನೂ ಆಗಿಲ್ಲ ಅಂದೆ. ಸ್ವಲ್ಪ ಹೊತ್ತು ಮಳೆಯ ಮಾತಾಯಿತು. ಈ ಸಲ ಮಿಂಚುಹುಳ ಬಂದಿತ್ತಾ ಎಂದು ಕೇಳಿದೆ. ನಾನು ಚಿಕ್ಕವಳಿದ್ದಾಗ ಮುಂಗಾರಿನ ಮೊದಲು ನಮ್ಮ ತೋಟದ ಕೆಳಗಿನ ಕಣಿವೆಯ ಮರಗಳು ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುತ್ತಿದ್ದವು. ‘ಎಲ್ಲಿ ಬರುತ್ತೆ ಮಗಾ, ಎದುರುಗಡೆ ಗುಡ್ಡದವರು ರೈನ್ ಡ್ಯಾನ್ಸಿಗೆ ಅಂತ ಫೋಕಸ್ ಲೈಟ್ ಹಾಕ್ಸಿದಾರಲ್ಲ. ಬಂದ್ರೂ ಕಾಣಲ್ಲ. ನಮ್ ಹಳ್ಳದ ಹತ್ರ ಒಂದಿಷ್ಟು ಇದ್ವು’ ಅಂದರು. ಆ ಗುಡ್ಡದವರು ನಮಗೆ ಬೇಕಾದವರೇ. ಕಾಫಿಗೆ ಬೆಲೆ ಇಲ್ಲದ ವರ್ಷಗಳಲ್ಲಿ ಆ ಹೋಂಸ್ಟೇಯಿಂದಲೇ ಮಕ್ಕಳನ್ನು ಓದಿಸಿದವರು. ಅಪ್ಪನೂ ಅವರನ್ನು ಬೈಯಲಿಲ್ಲ.

ವರದಿಯಲ್ಲಿ ರಾತ್ರಿಯ ನಡಿಗೆಯನ್ನು ತೆಗೆದುಹಾಕಬೇಕು ಎಂದು ಬರೆದೆ. ಬದಲಿಗೆ, ಸೂರ್ಯ ಮುಳುಗುವ ಹೊತ್ತಿನಲ್ಲಿ ಈ ಹಕ್ಕಿಗಳು ಕತ್ತಲಿಗಾಗಿ ಕಾಯುತ್ತ ಪ್ರಪಾತದ ಕೆಳಗೆ ನೀರಿನ ಮೇಲೆ ಗುಂಪುಗಟ್ಟಿ ಕೂರುತ್ತವೆ, ಅದನ್ನು ಮೇಲಿನಿಂದ ತೋರಿಸಿ ಬೆಳಕಿರುವಾಗಲೇ ಹಿಂದಿರುಗಬಹುದು ಎಂದು ಸೂಚಿಸಿದೆ. ದೀಪವಿಲ್ಲದೆ ಹನ್ನೆರಡು ಜನರನ್ನು ಪ್ರಪಾತದ ಹತ್ತಿರ ಕೂರಿಸುವುದು ಜನರಿಗೆ ಅಪಾಯ, ದೀಪ ಹಾಕಿದರೆ ಹಕ್ಕಿಗೆ ಅಪಾಯ, ಇವೆರಡರ ನಡುವೆ ಮೂರನೇ ದಾರಿ ನನಗೆ ಕಾಣಲಿಲ್ಲ ಎಂದೂ ಬರೆದೆ. ದೀಪ ಹಾಕಿದ್ದು ನಾನೇ ಎಂದು ಬರೆಯಲು ಮೂರು ಸಲ ಆ ಸಾಲನ್ನು ಅಳಿಸಿ ತಿದ್ದಬೇಕಾಯಿತು.

ಯಜಮಾನರು ಕೆಟ್ಟವರಲ್ಲ. ಪೂರ್ತಿ ಓದಿದರು. ‘ಒಂದು ರಾತ್ರಿಯ ಲೆಕ್ಕ. ಅದರಲ್ಲೂ ಚಂದ್ರ ಎದ್ದಿದ್ದಾನೆ. ಹಕ್ಕಿ ಸುಮ್ಮನಾದದ್ದು ನಿನ್ನ ಟಾರ್ಚಿಗೋ ಚಂದ್ರನಿಗೋ?’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಟಾರ್ಚಿಗೇ ಎಂದು ಸಾಬೀತು ಮಾಡಲಾರೆ ಎಂದೆ. ‘ಮಾರಾಟವಾಗೋದು ಅದೊಂದೇ ಕಣಮ್ಮ. ಉಪ್ಪು, ರೊಟ್ಟಿ ಎಲ್ಲರ ಹತ್ತಿರವೂ ಇದೆ. ಸಂಜೆ ನೀರ ಮೇಲೆ ಕೂತ ಹಕ್ಕಿ ನೋಡೋಕೆ ಯಾರು ಬರ್ತಾರೆ?’ ಎಂಬ ಧಾಟಿಯಲ್ಲಿ ಹೇಳಿದರು. ಗುಂಪನ್ನು ಎಂಟಕ್ಕೆ ಇಳಿಸಿ, ಕೆಂಪು ದೀಪ ಕೊಟ್ಟು, ಅಮಾವಾಸ್ಯೆಯ ಆಸುಪಾಸಿನಲ್ಲಿ ಮಾತ್ರ ನಡೆಸೋಣ ಎಂಬುದು ಅವರ ತೀರ್ಮಾನ. ನನ್ನ ವರದಿಗಿಂತ ಅದು ಕಡಿಮೆ ಬುದ್ಧಿವಂತಿಕೆಯದೇನಲ್ಲ. ಕರಪತ್ರ ಅಚ್ಚಾಗಿ ಬಂದಾಗ ಮುಖಪುಟದಲ್ಲಿ ಪ್ರಪಾತವೇ ಇತ್ತು.

ಆದರೆ ಗೈಡ್ ಬರುವುದಿಲ್ಲ ಎಂದುಬಿಟ್ಟರು. ಕಾರಣ ಹೇಳಲಿಲ್ಲ. ಉಪ್ಪಿಗೆ ಬರುತ್ತೇನೆ, ಚೀಸಿಗೆ ಬರುತ್ತೇನೆ, ರಾತ್ರಿ ಬರುವುದಿಲ್ಲ, ಅಷ್ಟೆ. ಕತ್ತಲಲ್ಲಿ ಆ ದಾರಿ ಗೊತ್ತಿದ್ದ ಇನ್ನೊಬ್ಬರು ಕಂಪನಿಗೆ ಸಿಗಲಿಲ್ಲ. ಕರಪತ್ರಗಳು ಆಫೀಸಿನ ಮೂಲೆಯಲ್ಲಿ ಕಟ್ಟು ಬಿಚ್ಚದೆ ಉಳಿದವು. ನನಗೆ ನೌಕರಿಯ ಪತ್ರ ಬರಲಿಲ್ಲ. ಅದು ಈ ವರದಿಯಿಂದಲೇ ಎಂದು ಹೇಳಲಾರೆ. ಆ ಬೇಸಿಗೆಯಲ್ಲಿ ಅವರು ಬೇರೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ನಾನು ಪ್ರಬಂಧ ಮುಗಿಸುವ ತನಕ ಒಂದು ಕೆಫೆಯಲ್ಲಿ ಅರೆಹೊತ್ತಿನ ಕೆಲಸಕ್ಕೆ ಸೇರಿಕೊಂಡೆ.

ಅಕ್ಟೋಬರ್‌ನಲ್ಲಿ ಸಾಮಾನು ಕಟ್ಟುವ ಮೊದಲು ವಿದಾಯ ಹೇಳಲೆಂದು ಗೋಝೊಗೆ ಹೋದೆ. ಆ ತಿಂಗಳು ಚೀಫಾ ಮರಿಗಳು ಮೊದಲ ಸಲ ಗೂಡು ಬಿಟ್ಟು ಹಾರುತ್ತವೆ. ಕಡಲಿನ ಕಡೆ ಹೋಗಬೇಕಾದವು ಒಮ್ಮೊಮ್ಮೆ ಊರಿನ ದೀಪ ಕಂಡು ದಿಕ್ಕು ತಪ್ಪಿ ಒಳನಾಡಿನಲ್ಲಿ ಇಳಿಯುತ್ತವೆ, ಮತ್ತೆ ಮೇಲೇಳಲು ಆಗುವುದಿಲ್ಲ. ಗೈಡ್ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಪಕ್ಕದ ಹುಡುಗ ಓಡಿ ಬಂದ. ಫುಟ್‌ಬಾಲ್ ಮೈದಾನದ ದೀಪಗಳ ಕೆಳಗೆ ಒಂದು ಬಿದ್ದಿದೆಯಂತೆ. ಅಲ್ಲಿಗೆ ಯಾವ ಪ್ರವಾಸಿಯೂ ಹೋಗುವುದಿಲ್ಲ, ಊರ ಹುಡುಗರು ಆಡುವ ಜಾಗ. ಹೋಗಿ ನೋಡಿದರೆ ಗೋಡೆಯ ಬುಡದಲ್ಲಿ ಬೂದು ಬಣ್ಣದ ಮುದ್ದೆ. ಗೈಡ್ ತಮ್ಮ ಕೋಟು ಬಿಚ್ಚಿ ಅದರ ಮೇಲೆ ಹಾಕಿ, ಎರಡೂ ರೆಕ್ಕೆ ಸೇರಿಸಿ ಹಿಡಿದೆತ್ತಿ ಟೊಮೆಟೊ ತಂದಿದ್ದ ರಟ್ಟಿನ ಡಬ್ಬಿಯೊಳಗೆ ಇಟ್ಟರು. ಎಷ್ಟು ಅಭ್ಯಾಸವಾದ ಕೈ ಅದು ಎಂದು ನೋಡುತ್ತ ನಿಂತೆ. ಚಾಕುವಿನಿಂದ ಡಬ್ಬಿಗೆ ಗಾಳಿಯಾಡಲು ತೂತು ಮಾಡಿದರು. ಬರ್ಡ್‌ಲೈಫ್ ಮಾಲ್ಟಾದವರಿಗೆ ಫೋನ್ ಮಾಡಿದೆ. ನೀರು, ಆಹಾರ ಏನೂ ಕೊಡಬೇಡಿ, ಕತ್ತಲಲ್ಲಿಡಿ, ನಾವು ತೆಗೆದುಕೊಳ್ಳುತ್ತೇವೆ ಎಂದರು.

ಅವರ ಹಳೇ ಟ್ರಕ್ಕಿನಲ್ಲಿ ಬಂದರಿನ ಕಡೆ ಹೊರಟೆವು. ಡಬ್ಬಿ ನನ್ನ ತೊಡೆಯ ಮೇಲಿತ್ತು. ಒಳಗಿನಿಂದ ಆಗಾಗ ಪರಚುವ ಸದ್ದು.

‘ಭಾರ ಇದೆಯಾ, ಬಿನ್ತಿ?’ ಎಂದು ಕೇಳಿದರು.

ಇಲ್ಲ ಎಂದೆ. ಅವರು ಗಾಡಿಯೊಳಗಿನ ದೀಪ ಆರಿಸಿದರು.